ಕಂಡಿಕೆಯ ಪಥ್ಯ

ದೊಡ್ಡಬಳ್ಳಾಪುರ
18-6-1995

ಚಿ॥ ಸ್ನೇಹಳಿಗೆ ನಿನ್ನ ಮಾವ ಲಕ್ಷ್ಮಣಪ್ಪ ಮಾಡುವ ಆಶೀರ್ವಾದಗಳು.

‘ಚಿ॥’ ಎಂದು ಬರೆದ ಕೂಡಲೇ ಕೈ ತಾನಾಗಿ ‘ಸೌ॥’ ಬರೆಯಲು ಹೊರಟಿತು. ಹಿಡಿದು ನಿಲ್ಲಿಸಿದೆ. ಮೂವತ್ತು ವರ್ಷ ಮಗ್ಗ ನಡೆಸಿದ ಕೈ ನೋಡು, ರೂಢಿಯಲ್ಲೇ ಓಡುತ್ತದೆ. ನನ್ನ ಮಗ ಸಂತೋಷ್ ಹೋಗಿ ಎರಡು ತಿಂಗಳಾದರೂ ಅದಕ್ಕಿನ್ನೂ ಸುದ್ದಿ ಮುಟ್ಟಿಲ್ಲ.

ಇರಲಿ. ಈ ಕಾಗದ ನನ್ನ ಬಗ್ಗೆಯಲ್ಲ, ನಿನ್ನ ಬಗ್ಗೆಯೂ ಅಲ್ಲ. ತಿಥಿ ಮುಗಿಸಿಕೊಂಡು ವಿಜಯಪುರದ ತೌರಿಗೆ ಹೋಗುವಾಗ ನೀನು ಇಲ್ಲಿ ಬಿಟ್ಟುಹೋದ ಗಣ್ಯರೊಬ್ಬರ ಎಡ ಹಿಂಗಾಲಿನ ಬಗ್ಗೆ. ಮದುವೆಯ ಹೊಸದರಲ್ಲಿ ಅವನು ನಿನಗೆಂದು ತಂದ ಪಾಮೇರಿಯನ್ ಮರಿಗೆ, ಬಿಳಿ ನೂಲು ಸುತ್ತಿದ ಕಂಡಿಕೆಯ ಹಾಗಿದೆ ಎಂದು ‘ಕಂಡಿಕೆ’ ಅಂತ ಹೆಸರಿಟ್ಟವಳು ನೀನು. ಈಗ ಆ ಕಂಡಿಕೆಗೆ ನೂಲು ಜಾಸ್ತಿ ಸುತ್ತಿಕೊಂಡು ಲಾಳಿಯೊಳಗೆ ಹೋಗದಂತಾಗಿದೆ. ನಾಲ್ಕು ಹೆಜ್ಜೆ ಸರಿಯಾಗಿ ನಡೆಯುತ್ತದೆ. ಐದನೆಯದಕ್ಕೆ ಎಡಗಾಲೆತ್ತಿ ಮೂರರಲ್ಲಿ ಕುಪ್ಪಳಿಸುತ್ತದೆ. ಆಮೇಲೆ ಕಾಲನ್ನು ಹಿಂದಕ್ಕೆ ಚಾಚಿ ಒಮ್ಮೆ ಕೊಡವಿ, ಏನೂ ಆಗಿಲ್ಲವೆಂಬ ಮುಖ ಮಾಡಿಕೊಂಡು ಮುಂದೆ ಹೋಗುತ್ತದೆ. ಅವನಿದ್ದಾಗಲೇ ಇದು ಶುರುವಾಗಿತ್ತು. ಅದು ಮಹಡಿ ಹತ್ತದಿರಲೆಂದು ಮೆಟ್ಟಿಲಿಗೆ ಹಲಗೆ ಅಡ್ಡ ಇಟ್ಟವನು ಅವನೇ. ಈಗ ಕುಂಟುವುದೇ ಹೆಚ್ಚು, ನಡೆಯುವುದು ಕಡಿಮೆ.

ಪಶು ಆಸ್ಪತ್ರೆಗೆ ಶಾಲಿನಲ್ಲಿ ಸುತ್ತಿ ಒಯ್ದೆ. ಅಲ್ಲಿ ಹಸು, ಎಮ್ಮೆ, ಹೋರಿಗಳ ಸಾಲಿನಲ್ಲಿ ನಾವಿಬ್ಬರೂ ಗಂಭೀರವಾಗಿ ಕುಳಿತೆವು. ಸಾಸಲಿನ ಚಿಕ್ಕಬೀರಪ್ಪ ತನ್ನ ಎಮ್ಮೆಯ ಪಕ್ಕದಿಂದ ಬಗ್ಗಿ ನೋಡಿ, “ಏನಪ್ಪಾ ಲಕ್ಷ್ಮಣಪ್ಪ, ಹೊತ್ತಿಗೆ ಎಷ್ಟು ಹಾಲು ಕೊಡ್ತದೆ?” ಎಂದ.

ಡಾಕ್ಟರು ಭಾನುಪ್ರಕಾಶ್ ಮಾತ್ರ ನಗಲಿಲ್ಲ. ಕಾಲನ್ನು ಮಡಚಿ, ಬಿಡಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದರು. “ಮಂಡಿಚಿಪ್ಪು ಜಾರ್ತಾ ಇದೆ. ತೊಡೆಮೂಳೆ ತುದೀಲಿ ಒಂದು ಸಣ್ಣ ಕಾಲುವೆ ಇರುತ್ತೆ, ಚಿಪ್ಪು ಅದರಲ್ಲೇ ಮೇಲೆ ಕೆಳಗೆ ಓಡಾಡ್ಬೇಕು. ಈ ಚಿಕ್ಕ ಜಾತಿ ನಾಯಿಗಳಿಗೆ ಆ ಕಾಲುವೆ ಆಳ ಇರಲ್ಲ. ನಿಮ್ಮ ಮಗ್ಗದಲ್ಲಿ ಲಾಳಿ ದಾರಿ ತಪ್ಪಿ ಹೊರಗೆ ಹಾರುತ್ತಲ್ಲ, ಹಾಗೇ ಚಿಪ್ಪೂ ಪಕ್ಕಕ್ಕೆ ಹಾರುತ್ತೆ” ಎಂದರು. ಜಿಗಿಯಕೂಡದು, ಮೆಟ್ಟಿಲು ಕೂಡದು, ನುಣುಪು ನೆಲ ಕೂಡದು. ಎಲ್ಲಕ್ಕಿಂತ ಮೊದಲು ಮೈ ಇಳಿಯಬೇಕು. “ಇಳಿಸದಿದ್ರೆ ಚಿಪ್ಪು ಪಕ್ಕದಲ್ಲೇ ಉಳಿದು ಕಾಲು ಸೊಟ್ಟ ಆಗುತ್ತೆ. ಆಮೇಲೆ ಬೆಂಗಳೂರಿಗೆ ಹೋಗಿ ಕೊಯ್ಸಬೇಕು. ಇಷ್ಟು ಕೊಬ್ಬಿರೋ ನಾಯಿ ಮತ್ತಿನಿಂದ ಏಳುತ್ತೆ ಅಂತ ನಾನಂತೂ ಹೇಳಲಾರೆ.”

ಮೈ ಏಕೆ ಬಂತೆಂದು ನಿನಗೆ ಗೊತ್ತು. ತಿಥಿಯ ದಿನ ಹಿತ್ತಲಲ್ಲಿ ಎಡೆ ಇಟ್ಟು ಎಲ್ಲರೂ ಕೈಮುಗಿದು ನಿಂತೆವಲ್ಲ. ಬಿಸಿಲೇರಿತು, ಒಂದು ಕಾಗೆಯೂ ಬರಲಿಲ್ಲ. ಅಷ್ಟರಲ್ಲಿ ಪಕ್ಕದ ಬೈಲಪ್ಪನ ಮನೆಯಲ್ಲಿ ಕಟ್ಟಿದ್ದ ಈ ಮಹಾತಾಯಿ ಹಗ್ಗ ಜಾರಿಸಿಕೊಂಡು ಮೂರು ಕಾಲಲ್ಲಿ ಓಡಿಬಂದು ಎಲೆ ನೆಕ್ಕಿ ಮುಗಿಸಿತು. ಪುರೋಹಿತರು “ಶಿವ ಶಿವಾ” ಎಂದರು. ನಿನ್ನತ್ತೆ ರುಕ್ಮಿಣಿ ಮಾತ್ರ “ಉಂಡ” ಎಂದಳು.

ಅಂದಿನಿಂದ ಎರಡು ಹೊತ್ತೂ ಎಡೆ. ಒಬ್ಬಟ್ಟು, ತುಪ್ಪದನ್ನ, ಅವನಿಗೆ ಇಷ್ಟವಾದ ಕಡಲೆಬೇಳೆ ಪಾಯಸ. ಎದುರು ಕೂತು “ಇನ್ನೊಂಚೂರು, ಕಂದಾ” ಎನ್ನುತ್ತಾಳೆ. ಕಂದ ಇಲ್ಲವೆನ್ನುವುದಿಲ್ಲ. ಗಂಡ ಊಟಕ್ಕೆ ಕೂತಿರುವಾಗ ಹೆಂಡತಿ ಎದ್ದು ತೌರಿಗೆ ಹೋದಳು ಎಂಬುದು ನಿನ್ನ ಮೇಲೆ ಅವಳ ದೂರು. ನಾನೇನು ಮಾಡಲಿ, ತಿಳಿಸು.

ಇಂತಿ,
ಲಕ್ಷ್ಮಣಪ್ಪ


ವಿಜಯಪುರ
3-7-1995

ಪೂಜ್ಯ ಮಾವನವರಿಗೆ ಸ್ನೇಹಳ ನಮಸ್ಕಾರಗಳು.

ಕಾಗದ ತಲುಪಿತು. ಏನು ಬರೆದಿದ್ದಾರೆಂದು ಅಪ್ಪ ಕೇಳಿದರು. ನಾಯಿ ಕಾಲಿನ ವಿಷಯ ಎಂದೆ.

ಚಿಪ್ಪು ಜಾರಿದಾಗ ಗಾಬರಿಯಿಂದ ಎತ್ತಿಕೊಳ್ಳಬೇಡಿ. ಪಕ್ಕದಲ್ಲಿ ಕೂತು ಬೆನ್ನು ಸವರಿ. ಅದು ಮೈ ಸಡಿಲ ಬಿಟ್ಟ ಮೇಲೆ ಕಾಲನ್ನು ಮೆಲ್ಲಗೆ ಹಿಂದಕ್ಕೆ ನೀಡಿದರೆ ಚಿಪ್ಪು ತಾನೇ ಕೂರುತ್ತದೆ. ಅವರು ಹಾಗೆ ಮಾಡುತ್ತಿದ್ದರು. ಮಾಡುವಾಗ ಏನೋ ಗುನುಗುತ್ತಿದ್ದರು. ಏನೆಂದು ನನಗೆ ನೆನಪಾಗುತ್ತಿಲ್ಲ, ಮಾವ. ನಿಮ್ಮ ಕಾಗದ ಬಂದಾಗಿನಿಂದ ಅದನ್ನೇ ನೆನೆಯುತ್ತಿದ್ದೇನೆ. ನಿಮಗೇನಾದರೂ ಗೊತ್ತೆ?

ಪಾದದ ಬೆರಳ ಸಂದಿಯಲ್ಲಿ ಕೂದಲು ಬೆಳೆದಿದ್ದರೆ ಕತ್ತರಿಸಿ, ಗಾರೆ ನೆಲದ ಮೇಲೆ ಜಾರುತ್ತದೆ. ಗೋಣಿತಾಟು ಹಾಸಿದರೆ ಒಳ್ಳೆಯದು.

ಈಗಲೂ ಸಂಜೆ ಮೆಟ್ಟಿಲ ಕೆಳಗೆ ಕೂರುತ್ತದೆಯೆ?

ಅತ್ತೆಗೆ ನಮಸ್ಕಾರ ಹೇಳಿ. ಹೇಳಲಾಗದಿದ್ದರೆ ಬೇಡ.

ಸ್ನೇಹ


ದೊಡ್ಡಬಳ್ಳಾಪುರ
20-8-1995

ಚಿ॥ ಸ್ನೇಹಳಿಗೆ ಆಶೀರ್ವಾದಗಳು.

ನಿನ್ನ ಆಜ್ಞೆಯ ಪ್ರಕಾರ ಬಾಗಿಲಿನಿಂದ ಅಡುಗೆಮನೆಯವರೆಗೆ ಗೋಣಿತಾಟು ಹಾಸಿದ್ದೇನೆ. ಮನೆ ಈಗ ರಾಗಿ ಮಂಡಿಯಂತಿದೆ. ಮೊನ್ನೆ ಬಂದ ಬೈಲಪ್ಪ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಹೊಸಿಲಲ್ಲೇ ನಿಂತುಬಿಟ್ಟ. ನೂಲು ಕತ್ತರಿಸುವ ಕತ್ತರಿಯಲ್ಲಿ ಕಂಡಿಕೆಯ ಪಾದಕ್ಷೌರವೂ ಆಯಿತು.

ನಮ್ಮ ದೊಡ್ಡ ವೈರಿ ಕರೆಂಟು. ಅದು ಹೋದಾಗ ಊರೇ ಆಕಳಿಸುತ್ತ ಕೂತಿರುತ್ತದೆ. ಬಂದ ಕ್ಷಣ ಮನೆಮಂದಿಯೆಲ್ಲ ಬಿದ್ದು ಎದ್ದು ಮಗ್ಗಕ್ಕೆ ಓಡುತ್ತೇವೆ. ನೇಯಲು ಬಾರದಿದ್ದರೂ ಕಂಡಿಕೆ ಎಲ್ಲರಿಗಿಂತ ಮುಂದೆ ಓಡುತ್ತದೆ, ಅರ್ಧದಲ್ಲಿ ಚಿಪ್ಪು ಜಾರುತ್ತದೆ. ಈಗ ಅದರ ಹಗ್ಗವನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದೇನೆ. ಕರೆಂಟು ಬಂದಾಗ ಇಬ್ಬರೂ ಮದುಮಕ್ಕಳ ಹಾಗೆ ನಿಧಾನವಾಗಿ ಹೆಜ್ಜೆ ಹಾಕುತ್ತೇವೆ.

ಮೆಟ್ಟಿಲಿನ ವಿಷಯ ಕೇಳಿದ್ದೆ. ಹೌದು. ಸಂಜೆಯಾದರೆ ಹಲಗೆಯ ಮುಂದೆ ಕೂತು ಮೇಲಕ್ಕೇ ನೋಡುತ್ತಿರುತ್ತದೆ. ಅವನು ಹಲಗೆ ದಾಟಿ ನಿಮ್ಮ ಕೋಣೆಗೆ ಹೋಗುತ್ತಿದ್ದ ಹೊತ್ತು ಅದು. ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂತವರ ಮನವಿಯನ್ನಾದರೂ ಯಾರೋ ಬಂದು ಇಸಿದುಕೊಳ್ಳುತ್ತಾರೆ.

ಅವನು ಏನು ಗುನುಗುತ್ತಿದ್ದನೋ ನನಗೂ ಗೊತ್ತಿಲ್ಲ. ನಿನ್ನತ್ತೆಗೆ ಗೊತ್ತಿರಬಹುದು. ಕೇಳುವ ಧೈರ್ಯವಿಲ್ಲ.

ಎಡೆಯ ವಿಷಯದಲ್ಲಿ ಒಮ್ಮೆ ಧೈರ್ಯ ಮಾಡಿದೆ. ನಮ್ಮ ಸಂವಾದವನ್ನು ಇದ್ದ ಹಾಗೇ ಕೊಡುತ್ತೇನೆ:

“ಒಂದು ಹೊತ್ತಾದ್ರೂ ನಿಲ್ಸೇ.”

“ಯಾರಿಗೆ ನಿಲ್ಲಿಸ್ಲಿ? ನಿಮ್ಮ ಮಗನಿಗಾ?”

“ನಾಯಿಗೆ ಕಣೇ.”

“ನಾಯಿಗೆ ನಾನೆಲ್ಲಿ ಹಾಕ್ತಿದೀನಿ?”

ಇದಕ್ಕೆ ಉತ್ತರ ನಿನಗೆ ಹೊಳೆದರೆ ಬರೆ.

ಇನ್ನೊಂದು. ಹೋದ ಸೋಮವಾರ ನಿಮ್ಮಪ್ಪ ಗಂಗಣ್ಣ ಬಂದಿದ್ದರು. ಹೊಸಕೋಟೆಯ ಹುಡುಗ ಚೌಡೇಶ್, ಕಾರ್ಖಾನೆ ಕೆಲಸ, ಒಳ್ಳೆಯ ಮನೆತನ. ಆದರೆ ಅತ್ತೆ ಬಾಯಿಬಿಟ್ಟು ಒಪ್ಪಿಗೆ ಕೊಡದೆ ನೀನು ಹೂಂ ಅನ್ನುವುದಿಲ್ಲವಂತೆ. ಅದನ್ನು ಕೇಳಲು ಬಂದಿದ್ದರು. ನಿನ್ನತ್ತೆ ಕಾಫಿ ಕೊಟ್ಟಳು. ಆಮೇಲೆ, “ಅಲ್ಲಾ ಬೀಗರೇ, ಗಂಡ ಮನೇಲಿ ಎರಡು ಹೊತ್ತು ಊಟ ಮಾಡ್ತಿರೋವಾಗ ಹೆಂಡ್ತಿಗೆ ಇನ್ನೊಂದು ಮದುವೆ ಮಾಡ್ತಾರೇನ್ರೀ?” ಎಂದಳು. ಕಂಡಿಕೆ ಕುಂಟುತ್ತ ಹೋಗಿ ಬೀಗರ ಪಾದ ಮೂಸಿತು. ಅವರು ಲೋಟ ಕೆಳಗಿಟ್ಟು ಎದ್ದರು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಬೀದಿಯಲ್ಲೆಲ್ಲ ಮಾತಿಗೆ ಹೆಸರಾದವನು ನಾನು. ಅಷ್ಟು ದೂರವೂ ನಾಯಿಯ ಮಂಡಿಚಿಪ್ಪಿನ ವಿಷಯವನ್ನೇ ಹೇಳಿದೆ.

ಲಕ್ಷ್ಮಣಪ್ಪ


ವಿಜಯಪುರ
5-9-1995

ಪೂಜ್ಯ ಅತ್ತೆಯವರ ಪಾದಗಳಿಗೆ ಸ್ನೇಹಳ ನಮಸ್ಕಾರಗಳು. ಮಾವ ಇದನ್ನು ಓದಿ ಹೇಳುತ್ತಾರೆ, ದಯವಿಟ್ಟು ಎದ್ದು ಹೋಗಬೇಡಿ.

ಮದುವೆಯ ವಿಷಯಕ್ಕೆ ಬರೆಯುತ್ತಿಲ್ಲ. ಕಾಲು ನೋವಿಗೆ ಬರೆಯುತ್ತಿದ್ದೇನೆ. ಶಾಲೆಗೆ ಹೋಗುವಾಗ ಅವರಿಗೆ ಕಾಮಾಲೆ ಆಗಿತ್ತಂತಲ್ಲ. ನೀವು ಪಥ್ಯ ಹಿಡಿಸಿದ್ದನ್ನು ನನಗೆ ಎಷ್ಟು ಸಲ ಹೇಳಿದ್ದಾರೋ. ಎಣ್ಣೆಯಿಲ್ಲ, ತುಪ್ಪವಿಲ್ಲ, ಅತ್ತು ಕರೆದರೂ ನೀವು ಕರಗಲಿಲ್ಲವಂತೆ. ಅವರೊಬ್ಬರೇ ಸಪ್ಪೆ ಉಣ್ಣಬಾರದೆಂದು ನೀವೂ ಅದನ್ನೇ ಉಂಡಿರಂತೆ. “ಅಮ್ಮ ಹೊಟ್ಟೆ ತುಂಬ ಹಾಕಿದ್ದೆಲ್ಲ ಮರೆತಿದೀನಿ, ಹಾಕದೆ ಇದ್ದದ್ದು ಮಾತ್ರ ಮರೆಯಕ್ಕಾಗಲ್ಲ” ಅನ್ನುತ್ತಿದ್ದರು.

ಈಗ ಕಾಲು ನೋಯುತ್ತಿದೆ, ಅತ್ತೆ. ಬಾಯಿಬಿಟ್ಟು ಹೇಳಲಾಗುವುದಿಲ್ಲ. ಹಾಕಿದ್ದನ್ನೆಲ್ಲ ನಿಮ್ಮ ಮೇಲಿನ ಪ್ರೀತಿಗೆ ತಿನ್ನುತ್ತಿದೆ. ಅವತ್ತು ಹೇಗೆ ಗಟ್ಟಿಯಾಗಿದ್ದಿರೋ ಇವತ್ತೂ ಹಾಗೇ ಇರಿ.

ನಾನು ಹೇಳಿದ್ದು ತಪ್ಪಾದರೆ ಬೈಯಿರಿ. ನೀವು ಬೈದು ತುಂಬ ದಿನವಾಯಿತು.

ನಿಮ್ಮ ಸೊಸೆ
ಸ್ನೇಹ


ದೊಡ್ಡಬಳ್ಳಾಪುರ
27-9-1995

ಚಿ॥ ಸ್ನೇಹಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ನಿನ್ನತ್ತೆ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಮುಗಿಯಿತು ಎಂದೆ. “ಇನ್ನೊಂದ್ಸಲ ಓದಿ” ಎಂದಳು. ಓದಿದೆ. ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ನಮ್ಮ ತುಪ್ಪದ ಜಾಡಿ ಗೋಡೆಯ ಮೇಲಿಂದ ಬೈಲಪ್ಪನ ಮನೆಗೆ ವಲಸೆ ಹೋಯಿತು.

ಅಂದಿನಿಂದ ಈ ಮನೆಯಲ್ಲಿ ಮೂವರಿಗೂ ಪಥ್ಯ. ಒಂದು ಹಿಡಿ ಅನ್ನ, ಬೇಯಿಸಿದ ಸೋರೆಕಾಯಿ. ಕಂಡಿಕೆಗೆ ಡಾಕ್ಟರು ಬರೆದುಕೊಟ್ಟ ಮೊಟ್ಟೆಯ ಬಿಳಿಯಾದರೂ ಉಂಟು, ನನಗೆ ಅದೂ ಇಲ್ಲ. ನನ್ನ ಮಂಡಿಚಿಪ್ಪು ಗಟ್ಟಿಯಾಗಿದೆ ಎಂದು ಎಷ್ಟು ವಾದಿಸಿದರೂ ಅರ್ಜಿ ವಜಾ. ಒಂದು ದಿನ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಕದ್ದು ಒಂದು ವಡೆ ತಿಂದು, ಕೈ ತೊಳೆದುಕೊಂಡೇ ಬಂದೆ. ಕಂಡಿಕೆ ನನ್ನ ಬೆರಳನ್ನು ಒಂದೊಂದಾಗಿ ಮೂಸಿ ಸಾಕ್ಷಿ ನುಡಿಯಿತು. ಶಿಕ್ಷೆಯನ್ನು ಇಲ್ಲಿ ವರ್ಣಿಸಲಾರೆ. ಮಹಾಲಯ ಅಮಾವಾಸ್ಯೆಗೆ ನಮ್ಮ ಹಿರಿಯರೂ ಸೋರೆಕಾಯಿ ಉಂಡು ಹೋದರು. ಮುಂದಿನ ವರ್ಷ ಬರುವರೋ ಇಲ್ಲವೋ.

ಮೊದಲ ದಿನದ ಸಂಗತಿ ಒಂದು ಹೇಳಿಬಿಡುತ್ತೇನೆ. ಕಂಡಿಕೆ ತಟ್ಟೆಯನ್ನು ಹೊಳೆಯುವ ಹಾಗೆ ನೆಕ್ಕಿ, ಇನ್ನೂ ಬರುವುದಿದೆ ಎಂಬಂತೆ ನಿನ್ನತ್ತೆಯ ಮುಖವನ್ನೇ ನೋಡುತ್ತ ಕೂತಿತು. ಅವಳು ಸೆರಗು ಮುಖಕ್ಕೆ ಒತ್ತಿಕೊಂಡು, “ಅತ್ತರೂ ಹಾಕಲ್ಲ” ಎಂದಳು.

ಅಳುತ್ತಿದ್ದದ್ದು ನಾಯಿಯಲ್ಲ.

ಲಕ್ಷ್ಮಣಪ್ಪ


ವಿಜಯಪುರ
12-11-1995

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಚೌಡೇಶ್ ಮನೆಗೆ ಬಂದಿದ್ದರು. ಹೆಚ್ಚು ಮಾತಾಡುವವರಲ್ಲ. ಅಪ್ಪ ಎಲ್ಲವನ್ನೂ ಹೇಳಿದ್ದಾರೆಂದು ಕಾಣುತ್ತದೆ, ಹೊರಡುವಾಗ “ನಾಯಿಗೆ ಹೇಗಿದೆ?” ಎಂದರು. ಇಳಿಯುತ್ತಿದೆ ಎಂದೆ. ಅತ್ತೆಯ ಬಾಯಿಂದ ಮಾತು ಬಾರದೆ ನಾನು ಒಪ್ಪುವುದಿಲ್ಲ ಎಂದೂ ಹೇಳಿದೆ. “ಕಾಯ್ತೀನಿ” ಎಂದರು.

ಆ ಮಾತು ಕೇಳಿ ನನಗೆ ಭಯವಾಯಿತು, ಮಾವ. ಅವತ್ತು ಸ್ಕೂಟರಿಗೆ ಸೀರೆ ಗಂಟು ಕಟ್ಟಿಕೊಂಡು ಬೆಂಗಳೂರಿಗೆ ಹೊರಟಾಗ ನಿಮ್ಮ ಮಗನೂ “ಕಾಯ್ತಿರು, ಸಂಜೆ ಬಂದ್ಬಿಡ್ತೀನಿ” ಎಂದೇ ಹೋದದ್ದು. ಕಂಡಿಕೆ ಆಗ ಮಗ್ಗದ ಮನೆಯಲ್ಲಿ ನಿದ್ದೆ ಮಾಡುತ್ತಿತ್ತು. ಅದಕ್ಕೆ ಅವರು ಹೋದದ್ದೇ ಗೊತ್ತಿಲ್ಲ.

ಚಳಿ ಬಂತು. ರಾತ್ರಿ ಮಲಗುವ ಮುಂಚೆ ಮಂಡಿಗೆ ಬಿಸಿಬಟ್ಟೆ ಇಡಿ.

ಸ್ನೇಹ


ದೊಡ್ಡಬಳ್ಳಾಪುರ
20-1-1996

ಚಿ॥ ಸ್ನೇಹಳಿಗೆ ಆಶೀರ್ವಾದಗಳು. ಎಳ್ಳು ಬೆಲ್ಲ ಕಳಿಸಿದ್ದೇವೆ. ಪಥ್ಯದ ಮನೆಯಿಂದ ಹೊರಗೆ ಹೋಗುವುದಕ್ಕೆ ಅಡ್ಡಿಯಿಲ್ಲವಂತೆ.

ಈಗ ದಿನಾ ಬೆಳಿಗ್ಗೆ ನಾಗರಕೆರೆಯ ಏರಿಯ ಮೇಲೆ ನಮ್ಮ ಮೆರವಣಿಗೆ. ಮುಂದೆ ಕಂಡಿಕೆ, ನಡುವೆ ನಿನ್ನತ್ತೆ, ಕೊನೆಗೆ ನಾನು. ಓಡುವಂತಿಲ್ಲ, ಸಣ್ಣ ಹಗ್ಗದಲ್ಲಿ ನಿಧಾನ ನಡಿಗೆ. “ಏನ್ ಗುರು, ನಾಯಿ ನಿಮ್ಮಿಬ್ರನ್ನೂ ವಾಕಿಂಗ್ ಕರ್ಕೊಂಡು ಬಂದೈತಾ?” ಎಂದು ಬೈಲಪ್ಪ ದಿನವೂ ಕೇಳುತ್ತಾನೆ. ದಿನವೂ ಹೌದೆನ್ನುತ್ತೇನೆ. ಕಂಡಿಕೆಗೆ ಸೊಂಟ ಕಾಣಿಸಿಕೊಂಡಿದೆ. ನಿನ್ನತ್ತೆಯ ಬಳೆ ಮೊಣಕೈವರೆಗೆ ಜಾರುತ್ತದೆ. ಸಾಕು ಬಿಡು ಎಂದರೆ, “ಅವನು ಬಿಡೋವರ್ಗೂ ನಾನೂ ಬಿಡಲ್ಲ” ಎನ್ನುತ್ತಾಳೆ.

ಡಾಕ್ಟರು ಕಾಲು ಒತ್ತಿ ನೋಡಿ ಮೊದಲ ಸಲ ನಕ್ಕರು. “ತೊಡೆ ಗಟ್ಟಿಯಾಗಿದೆ, ಅದೇ ಚಿಪ್ಪನ್ನ ಹಿಡ್ಕೊಂಡಿದೆ. ಕೊಯ್ಯೋದು ಬೇಡ” ಎಂದರು. ಪೂರ್ತಿ ವಾಸಿಯಾಯಿತೆ ಎಂದು ಕೇಳಿದೆ. “ಕಾಲುವೆ ಆಳ ಇಲ್ಲದ್ದು ಹಾಗೇ ಇರುತ್ತೆ. ಅದು ವಾಸಿಯಾಗೋದಲ್ಲ. ಹುಷಾರಾಗಿ ನಡೀತಾ ಇರ್ಬೇಕು, ಅಷ್ಟೆ.” ಯಾಕೋ ಆ ಮಾತು ನಾಯಿಗೆ ಮಾತ್ರ ಹೇಳಿದ್ದು ಎನಿಸಲಿಲ್ಲ.

ಮುಂದಿನ ತಿಂಗಳು ಹಲಗೆ ತೆಗೆಯಬಹುದಂತೆ. ಒಂದು ಸಲ ನಿಧಾನಕ್ಕೆ ಮೆಟ್ಟಿಲು ಹತ್ತಿದರೆ ತೊಂದರೆಯಿಲ್ಲ. ನಿನ್ನತ್ತೆ ಇವತ್ತೇ ತೆಗೆಯಿರಿ ಎನ್ನುತ್ತಾಳೆ. ಇಷ್ಟು ದಿನ ಕೆಳಗೇ ಬಿದ್ದಿದ್ದಾನೆ, ಅವನ ಕೋಣೆಗೆ ಅವನು ಹೋಗಲಿ ಎಂದು. ಕೋಣೆ ಗುಡಿಸಿ, ಹಾಸಿಗೆಗೆ ಹೊಸ ದುಪ್ಪಟಿ ಹಾಸಿದ್ದಾಳೆ.

ಲಕ್ಷ್ಮಣಪ್ಪ


ದೊಡ್ಡಬಳ್ಳಾಪುರ
18-2-1996

ಸ್ನೇಹಾ, ನಾನು ನಿಮ್ಮತ್ತೆ ಹೇಳಿ ಬರೆಸ್ತಾ ಇದೀನಿ. ನಾನು ಹೇಳ್ದಂಗೇ ಬರೀರಿ, ನಿಮ್ಮ ತಮಾಷೆ ಸೇರಿಸ್ಬೇಡಿ ಅಂತ ನಿಮ್ಮ ಮಾವಂಗೆ ಹೇಳಿದೀನಿ. (ಸೇರಿಸುತ್ತಿಲ್ಲ. ಲ.)

ಕಾಲು ಚೆನ್ನಾಗಿದೆ.

ಮೊನ್ನೆ ಹಲಗೆ ತೆಗೆದ್ವಿ. ಕಂಡಿಕೆ ಒಂದು ಚಣ ನಮ್ಮ ಮುಖ ನೋಡ್ತು. ಆಮೇಲೆ ಒಂದೊಂದೇ ಮೆಟ್ಲು ಹತ್ತಿತು. ನಿಮ್ಮ ಮಾವ ಹಿಡಿಯಕ್ಕೆ ಹೋದ್ರು, ಬಿಡಿ ಅಂದೆ. ನಾನೂ ಹಿಂದೇನೇ ಹೋದೆ. ಹಾಸಿಗೆ ಮೇಲೆ ಮಲಗುತ್ತೆ, ಇಲ್ಲೇ ಅವನಿಗೆ ಊಟ ತಂದಿಡೋಣ ಅಂತಿದ್ದೆ ಕಣಮ್ಮ.

ಅದು ಮಲಗಲಿಲ್ಲ. ಬಾಗಿಲ ಹಿಂದೆ ಅವನ ಷರಟು ನೇತಾಕಿದೆಯಲ್ಲ, ಅದನ್ನ ಮೂಸಿ ನೋಡ್ತು. ಬಾಲ ಅಲ್ಲಾಡಿಸ್ತು. ಮಂಚದ ಕೆಳಗೆ ಹೋಗಿ ಬಂತು. ಬೀರು ಹಿಂದೆ ನೋಡ್ತು. ತಿರ್ಗಾ ಷರಟಿನ ಹತ್ರ ಬಂತು. ಆಮೇಲೆ ಕೋಣೆ ನಡುವೆ ಕೂತು ನನ್ನ ಮುಖ ನೋಡ್ತು. ಎಲ್ಲಿ ಅಂತ ಕೇಳ್ದಂಗಿತ್ತು.

ಅವನು ಅದರೊಳಗೇ ಇದ್ದಿದ್ರೆ ಅದು ಯಾಕಮ್ಮಾ ಅವನನ್ನ ಹುಡುಕುತ್ತೆ?

(ಇಲ್ಲಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಲ.)

ಬರ್ಕೊಳ್ರೀ. ಇಷ್ಟು ದಿನ ಅದೂ ಕೆಳಗೆ ಕೂತು ಕಾಯ್ತಾ ಇತ್ತು, ನಾನೂ ಉಣ್ಣಿಸ್ತಾ ಇದ್ದೆ. ಇಬ್ರಿಗೂ ಒಂದೇ ದಿನ ಗೊತ್ತಾಯ್ತು. ಮೆಟ್ಲು ಇಳಿಯಕ್ಕೆ ಅದಕ್ಕಾಗಲಿಲ್ಲ, ಎತ್ಕೊಂಡು ಬಂದೆ. ಹಗುರ ಆಗಿತ್ತು.

ಆ ಹುಡುಗಂಗೆ ಹೂಂ ಅನ್ನು. ಅತ್ತೆ ಬಾಯಿಬಿಟ್ಟು ಹೇಳಿದಾಳೆ ಅನ್ನು. ಮನಸ್ಸಿನಿಂದಲೇ ಹೇಳ್ತಿದೀನಿ, ಬರೀರಿ ಅದನ್ನೂ.

ಅವನು ಕಾಲು ನೀವೋವಾಗ ಏನೋ ಗುನುಗ್ತಿದ್ದ ಅಂತ ಕೇಳಿದ್ಯಂತೆ, ಇವತ್ತು ಹೇಳ್ತಾರೆ ಇವ್ರು. ಅದು ಹಾಡಲ್ಲ. ಚಿಕ್ಕೋನಿದ್ದಾಗ ಬಿದ್ದು ಮಂಡಿ ಕೆತ್ಕೊಂಡು ಬರ್ತಿದ್ದ. ನಾನು ಊದಿ, ‘ನೋವೆಲ್ಲ ಕಾಗೆಗೆ, ಕಂದ ಮನೆಗೆ’ ಅಂತಿದ್ದೆ. ಅದನ್ನೇ ಅಂದಿರ್ತಾನೆ.

ಸಾಕು. ನನ್ನ ಹೆಸರು ನಾನೇ ಬರೀತೀನಿ, ಕೊಡಿ ಇಲ್ಲಿ.

ರುಕ್ಮಿಣಮ್ಮ


ದೊಡ್ಡಬಳ್ಳಾಪುರ
12-4-1996

ಚಿ॥ ಸೌ॥ ಸ್ನೇಹಳಿಗೆ ಲಕ್ಷ್ಮಣಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಮದುವೆ ಮುಂದಿನ ತಿಂಗಳು. ಇವತ್ತೇ ಹೀಗೆ ಬರೆಯಬಾರದು, ಗೊತ್ತು. ಕೈ ತಾನಾಗಿ ಓಡಿತು, ಈ ಸಲ ನಾನು ಹಿಡಿಯಲಿಲ್ಲ.

ನಾವು ಮದುವೆಗೆ ಬರುವುದಿಲ್ಲ. ಹೊಸಬರು ನಮ್ಮನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂದು ತಲೆ ಕೆಡಿಸಿಕೊಳ್ಳುವುದು ಬೇಡ. ವರ್ಷದಿಂದ ನಿಂತಿದ್ದ ಅವನ ಮಗ್ಗವನ್ನು ನಡೆಸಿದ್ದೇವೆ. ಮೊದಲು ಇಳಿದ ಸೀರೆಯನ್ನು ನಿನ್ನತ್ತೆ ನಿನಗೆ ಕಳಿಸುತ್ತಿದ್ದಾಳೆ. ಸೆರಗಿನ ಹತ್ತಿರ ಒಂದು ಎಳೆ ತಪ್ಪಿದೆ. ಅಷ್ಟು ಭಾಗ ನೇಯಲು ಮಗ್ಗಕ್ಕೆ ನಾನು ಕೂತಿದ್ದೆ. ಕಂಡಿಕೆ ನಮ್ಮ ಹತ್ತಿರವೇ ಇರಲಿ ಎಂದು ಬರೆದಿದ್ದೀಯ. ಋಣಿ. ಅದು ಈಗ ಮೆಟ್ಟಿಲ ಕೆಳಗೆ ಕೂರುವುದಿಲ್ಲ. ದಾರಿ ತೆರೆದೇ ಇದೆ, ತಲೆಯೆತ್ತಿಯೂ ನೋಡುವುದಿಲ್ಲ.

ಇನ್ನು ಮೇಲೆ ನನಗೆ ಕಾಗದ ಬರೆಯಬೇಡ, ಮಗಳೇ. ಹೊಸ ಮನೆಗೆ ಹಳೆ ಮನೆಯ ಅಂಚೆ ಬರುತ್ತಿರಬಾರದು. ಅದೂ ಅಲ್ಲದೆ ಮಂಡಿಚಿಪ್ಪಿನ ಸಮಾಚಾರ ಮುಗಿಯಿತು. ನಮ್ಮಿಬ್ಬರಿಗೂ ಬರೆಯಲು ಬೇರೆ ವಿಷಯ ಇದ್ದರೂ ಅದನ್ನು ಬರೆದು ಅಭ್ಯಾಸವಿಲ್ಲ.

ನಿನ್ನೆ ವರ್ಷದ ತಿಥಿ ಮಾಡಿದೆವು. ಪಥ್ಯದ ಎಡೆಯಲ್ಲ. ಒಬ್ಬಟ್ಟು, ತುಪ್ಪ, ಕಡಲೆಬೇಳೆ ಪಾಯಸ, ಅವನಿಗೆ ಏನೇನು ಬೇಕೋ ಅಷ್ಟೂ. ಕಾಗೆ ಬಂತೆ ಎಂದು ನೀನು ಕೇಳಬಹುದು. ಗೊತ್ತಿಲ್ಲ. ನಿಂತು ನೋಡುವುದು ಬೇಡ, ಅವನಿಗೆ ಬೇಕಾದಾಗ ಉಣ್ಣಲಿ ಎಂದಳು ನಿನ್ನತ್ತೆ. ಎಲೆ ಇಟ್ಟು ತಿರುಗಿದೆವು. ಕಂಡಿಕೆಯನ್ನು ನಾವು ಕಟ್ಟಿರಲಿಲ್ಲ. ಅದು ಎಲೆಯ ಮುಂದೆ ಒಂದು ಗಳಿಗೆ ನಿಂತಿತು. “ಬಾರೇ, ಕಂಡಿಕೆ” ಎಂದಳು.

ಬಿಟ್ಟು ಬಂತು. ಹಿತ್ತಲಿನಿಂದ ಬಾಗಿಲವರೆಗೂ ನಮ್ಮ ಹಿಂದೆಯೇ ನಡೆದು ಬಂತು, ನಾಲ್ಕೂ ಕಾಲಲ್ಲಿ.

ನಿನ್ನ ಮಾವ
ಲಕ್ಷ್ಮಣಪ್ಪ